ಯಂತ್ರಕ್ಕಿಂತ ಮೊದಲು ಸಿಬ್ಬಂದಿ ಸಿದ್ಧವಾಗಲಿ

2021ರ ಸೆಪ್ಟೆಂಬರ್ 27ರಂದು ರಾಷ್ಟ್ರಾದ್ಯಂತ ಚಾಲನೆಗೊಂಡ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್, ರೋಗಿಯ ಸಮ್ಮತಿಯ ಮೇರೆಗೆ 14 ಅಂಕಿಗಳ ‘ಆಭಾ’ ಸಂಖ್ಯೆಯಡಿ ಚಿಕಿತ್ಸಾ ದಾಖಲೆಗಳನ್ನು ಜೋಡಿಸುವ ವ್ಯವಸ್ಥೆಯಾಗಿದೆ. ಬಳ್ಳಾರಿ, ಸಿರುಗುಪ್ಪ, ಕುರುಗೋಡುಗಳ ಆಸ್ಪತ್ರೆಗಳು ಇದಕ್ಕೆ ಹೊಂದಿಕೊಳ್ಳಲು ಗಣಕಯಂತ್ರಗಳ ಖರೀದಿಯಷ್ಟೇ ಸಾಲದು. ನೋಂದಣಿ, ಪ್ರಯೋಗಾಲಯ, ಔಷಧ ವಿತರಣೆಯ ಸಿಬ್ಬಂದಿಗೆ ಮುಂಚಿತವಾಗಿ ತರಬೇತಿ ದೊರೆಯದಿದ್ದಲ್ಲಿ ಸರತಿಯ ಸಾಲು ಬೆಳೆಯುತ್ತದೆ. ಜೀನ್ಸ್ ಘಟಕದ ಹೊಲಿಗೆಗಾರನ, ಅಕ್ಕಿ ಗಿರಣಿಯ ಹಮಾಲನ ದಿನಗೂಲಿ ಅಲ್ಲಿಯೇ ಕರಗುತ್ತದೆ.

ಸಿದ್ಧತೆಯಿಲ್ಲದ ಬದಲಾವಣೆಯ ಕಷ್ಟವೇನೆಂಬುದನ್ನು ವರ್ತಕರಾದ ನಾವು 2017ರ ಜುಲೈ 1ರಂದು ಜಿಎಸ್‌ಟಿ ಜಾರಿಯಾದಾಗ ನಮ್ಮ ಗುಮಾಸ್ತರ ಮೇಜಿನಲ್ಲಿಯೇ ಕಂಡಿದ್ದೇವೆ. ಆದ್ದರಿಂದ ಪ್ರತಿ ವಿಭಾಗದ ಅನುಭವಿಯೊಬ್ಬರಿಗೆ ಮೊದಲು ತರಬೇತಿ ನೀಡಿ, ಅವರ ಆಕ್ಷೇಪಗಳನ್ನು ಆಲಿಸಬೇಕು. ಹಳೆಯ ದಾಖಲೆ ಪುಸ್ತಕವನ್ನು ಕೆಲಕಾಲ ಉಳಿಸಿಕೊಂಡರೂ, ಎರಡು ಬರಹದ ಹೊರೆ ತಪ್ಪಿಸಲು ಅದಕ್ಕೆ ಕೊನೆಯ ದಿನಾಂಕ ಗೊತ್ತುಪಡಿಸಬೇಕು. ತರಬೇತಿಯ ದಿನಗಳ ವೇತನವನ್ನು ಯಂತ್ರದ ಬೆಲೆಯಲ್ಲಿಯೇ ಸೇರಿಸಿ ಲೆಕ್ಕ ಹಾಕುವುದು ಆಸ್ಪತ್ರೆಯ ಆಡಳಿತಗಳಿಗೆ ಲೇಸು.