ಊಹೆ ಮತ್ತು ಅಭಿಪ್ರಾಯ

ಮಕ್ಕಳೇ, ಬೆಳಿಗ್ಗೆ ಎದ್ದು ನೋಡಿದಾಗ ಅಂಗಳ ಒದ್ದೆಯಾಗಿದೆ. 'ರಾತ್ರಿ ಮಳೆ ಬಂದಿರಬೇಕು' ಎನ್ನುತ್ತೀರಿ. ಇದು ಊಹೆ. ಅಮ್ಮ ನೀರು ಚಿಮುಕಿಸಿರಲೂಬಹುದು. ಮನೆಯ ಹೆಂಚು, ಮರದ ಎಲೆ, ಬೀದಿ ಎಲ್ಲವೂ ಒದ್ದೆಯಾಗಿದ್ದರೆ ನಿಮ್ಮ ಊಹೆಗೆ ಬಲ ಬರುತ್ತದೆ.

ಎಲ್ಲ ಸಂಗತಿಗಳೂ ನಮಗೆ ಯಾವಾಗಲೂ ತಿಳಿದಿರುವುದಿಲ್ಲ. ಆದ್ದರಿಂದ ಊಹಿಸುವುದು ತಪ್ಪಲ್ಲ. ಊಹೆಯನ್ನೇ ನಿಜವೆಂದು ಸಾರುವುದು ತಪ್ಪು.

ಗೋವಾದ ಸಾಂಗೆ ತಾಲ್ಲೂಕಿನಲ್ಲಿ, ಕುಶಾವತಿ ನದಿಯ ದಂಡೆಯ ಮೇಲೆ ಉಸಗಳಿಮಳ ಎಂಬ ಸ್ಥಳವಿದೆ. ಅಲ್ಲಿಯ ಜಂಬಿಟ್ಟಿಗೆ ಬಂಡೆಯ ಮೇಲೆ ಪ್ರಾಚೀನ ಮಾನವರು ಗೂಳಿ, ಜಿಂಕೆ ಮುಂತಾದ ಚಿತ್ರಗಳನ್ನು ಕೊರೆದಿದ್ದಾರೆ. 1993ರಲ್ಲಿ ಇವು ವಿದ್ವಾಂಸರ ಗಮನಕ್ಕೆ ಬಂದವು. ಸುತ್ತಿನೊಳಗೆ ಸುತ್ತು ಇರುವ ಒಂದು ವೃತ್ತವೂ ಅಲ್ಲಿದೆ. ಅದನ್ನು ಏಕೆ ಕೊರೆದರು? ಅವರು ಬರೆದಿಟ್ಟಿಲ್ಲ. ಆದ್ದರಿಂದ ತಿಳಿದವರು 'ಹೀಗಿರಬಹುದು' ಎಂದಷ್ಟೇ ಹೇಳುತ್ತಾರೆ.

ಊಹೆ ತಪ್ಪಿದರೆ ಬಂಡೆಗೆ ನೋವಾಗದು. ಮನುಷ್ಯರ ವಿಷಯ ಹಾಗಲ್ಲ.

ಹಲವು ವರ್ಷಗಳ ಹಿಂದೆ ನನ್ನ ತರಗತಿಗೆ ಕುಂಡಯಿಯಿಂದ ಒಬ್ಬ ಹುಡುಗ ಬರುತ್ತಿದ್ದನು. ಅವನ ತಂದೆ ಬಾಗಲಕೋಟೆ ಕಡೆಯವರು. ಕುಂಡಯಿಯ ಕೈಗಾರಿಕಾ ವಸಾಹತಿನಲ್ಲಿ ಕೆಲಸ ಮಾಡುತ್ತಿದ್ದರು. ಹುಡುಗನ ಬರಹದ ತುಂಬ ತಪ್ಪುಗಳು. 'ಇವನಿಗೆ ಓದಿನಲ್ಲಿ ಆಸಕ್ತಿಯಿಲ್ಲ' ಎಂದು ನಾನು ಎಲ್ಲರ ಮುಂದೆ ಹೇಳಿಬಿಟ್ಟೆನು. ಅಂದಿನಿಂದ ಗೆಳೆಯರು ಅವನನ್ನು 'ದಡ್ಡ' ಎಂದು ಕರೆಯತೊಡಗಿದರು. ಅವನು ಉತ್ತರ ಹೇಳಲು ಕೈ ಎತ್ತುವುದನ್ನೇ ಬಿಟ್ಟನು.

ಒಂದು ದಿನ ಅವನ ನೋಟುಪುಸ್ತಕವನ್ನು ಗಮನವಿಟ್ಟು ನೋಡಿದೆನು. ಪಾಠಪುಸ್ತಕ ನೋಡಿ ಬರೆದ ಪುಟಗಳಲ್ಲಿ ಒಂದು ತಪ್ಪೂ ಇರಲಿಲ್ಲ! ಕಪ್ಪುಹಲಗೆ ನೋಡಿ ಬರೆದ ಪುಟಗಳಲ್ಲಿ ಮಾತ್ರ ತಪ್ಪುಗಳಿದ್ದವು. ದೂರದ ಅಕ್ಷರ ಕಾಣುತ್ತಿಲ್ಲವೇನೋ? ಇದೂ ಊಹೆಯೇ. ಮರುದಿನ ಅವನನ್ನು ಮುಂದಿನ ಸಾಲಿನಲ್ಲಿ ಕೂರಿಸಿದೆನು. ತಪ್ಪುಗಳು ಕಡಿಮೆಯಾದವು. ಕಣ್ಣಿನ ವೈದ್ಯರು ಪರೀಕ್ಷಿಸಿ, ಕನ್ನಡಕ ಬೇಕೆಂದರು. ಆಗ ಊಹೆ ನಿಜವೆಂದು ತಿಳಿಯಿತು.

ನಾನು ಎಲ್ಲರ ಮುಂದೆಯೇ ನನ್ನ ತಪ್ಪನ್ನು ಒಪ್ಪಿಕೊಂಡೆನು. ಆದರೂ ಅವನು ಮತ್ತೆ ಕೈ ಎತ್ತಲು ಬಹಳ ದಿನಗಳು ಬೇಕಾದವು.

ಮಕ್ಕಳೇ, ಯಾರನ್ನಾದರೂ ಕಳ್ಳ, ಸೋಮಾರಿ, ದಡ್ಡ ಎನ್ನುವ ಮೊದಲು ನಿಮ್ಮನ್ನೇ ಕೇಳಿಕೊಳ್ಳಿ. ನನಗೆ ಏನೇನು ತಿಳಿದಿದೆ? ಬೇರೆ ಕಾರಣ ಇರಬಹುದೇ? ಅವರನ್ನೇ ಕೇಳಿದೆನೇ? ಹೊಸ ಸಂಗತಿ ತಿಳಿದಾಗ ಅಭಿಪ್ರಾಯವನ್ನು ತಿದ್ದಿಕೊಳ್ಳಿ. ಅದರಲ್ಲಿ ನಾಚಿಕೆಯಿಲ್ಲ. 'ಪ್ರತ್ಯಕ್ಷ ಕಂಡರೂ ಪರಾಂಬರಿಸಿ ನೋಡು' ಎಂದು ಹಿರಿಯರು ಹೇಳಿದ್ದಾರೆ. ಕಣ್ಣಾರೆ ಕಂಡುದನ್ನೇ ವಿಚಾರಿಸಬೇಕಾದರೆ, ಬರಿಯ ಊಹೆಯನ್ನು ಎಷ್ಟು ವಿಚಾರಿಸಬೇಕು!