ಅಪೀಲಿನ ಬಾಗಿಲಿಗೆ ನಕಲಿನ ಬೀಗ



ಮನೆ ಜಾಗದ ದಾವೆಯಲ್ಲಿ ಸೋತರೆ ಜಿಲ್ಲೆಯೊಳಗಿನ ಮೇಲಿನ ಕೋರ್ಟಿಗೆ ಅಪೀಲು ಹೋಗಲು ನಮಗಿರುವುದು 30 ದಿನ. ಸಿವಿಲ್ ಪ್ರಕ್ರಿಯಾ ಸಂಹಿತೆಯ 41ನೇ ಆದೇಶದಂತೆ ಅಪೀಲಿನೊಡನೆ ತೀರ್ಪಿನ ನಕಲು ಇರಬೇಕು. ಇದನ್ನು ನಾವು ತಪ್ಪೆನ್ನುವುದಿಲ್ಲ. ತೀರ್ಪನ್ನೇ ಓದದೆ ಮೇಲಿನವರು ಏನು ವಿಚಾರಿಸಿಯಾರು? ಆದರೆ ನಕಲು ಎಲ್ಲಿ? ತೀರ್ಪು ಹೇಳಿದ ಕೂಡಲೇ ನಕಲು ಸಿಗಬೇಕೆಂದು ಅದೇ ಸಂಹಿತೆಯ 20ನೇ ಆದೇಶ ಹೇಳುತ್ತದೆ, ಶುಲ್ಕ ತೆತ್ತವರಿಗೆ! ಮಿಲ್ಲಿನ ಪಾಳಿ ತಪ್ಪಿಸಿ, ಕೂಲಿ ಕಳೆದುಕೊಂಡು, "ನಾಳೆ ಬಾ" ಎನ್ನಿಸಿಕೊಂಡು ತಿರುಗಿದವರನ್ನು ನಾವು ಕಂಡಿದ್ದೇವೆ.

ನಕಲಿಗೆ ಹಿಡಿದ ದಿನಗಳನ್ನು ವಾಯಿದೆಯಲ್ಲಿ ಎಣಿಸುವುದಿಲ್ಲವಲ್ಲ ಎಂದು ವಕೀಲ ಮಿತ್ರರು ಸಮಾಧಾನ ಹೇಳುತ್ತಾರೆ. ನಿಜ, 1963ರ ಕಾಲಮಿತಿ ಕಾಯಿದೆಯ 12ನೇ ಕಲಮಿನಲ್ಲಿ ಹಾಗಿದೆ. ಆದರೆ ನಕಲಿಗೆ ಅರ್ಜಿ ಹಾಕದೆ ಸುಮ್ಮನೆ ಕಳೆದ ದಿನಗಳಿಗೆ ಆ ರಿಯಾಯಿತಿ ಇಲ್ಲ. ಇದನ್ನು ಬಡವನಿಗೆ ಹೇಳಿದವರು ಯಾರು?

ಕಳವು ಮಾಡಿ ಜೈಲು ಶಿಕ್ಷೆಯಾದವನಿಗೆ ನಕಲು ಕೂಡಲೇ, ಅದೂ ಪುಕ್ಕಟೆ. 2023ರ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 404ನೇ ಕಲಮು ನೋಡಿ. ಅವನಿಗೆ ಕೊಡುವುದು ನ್ಯಾಯವೇ. ಮನೆ ಕಳೆದುಕೊಂಡವನು ಮಾಡಿದ ಪಾಪವೇನು? ತೀರ್ಪಿನ ದಿನವೇ, ಕಾಸು ಕೇಳದೆ, ಅವನ ಕೈಗೂ ನಕಲು ಕೊಡಿ.