ಬಿಗಿದಷ್ಟೂ ಭದ್ರ ಅಂದವರ್ಯಾರು?

ಕಾರಿನ ಒಂದು ಚಕ್ರ ಬಿಚ್ಚೋಕೆ ಎಷ್ಟು ಜನ ಬೇಕು? ನನಗೆ ಲೆಕ್ಕ ಗೊತ್ತು. ಐದು ಜನ, ಮೂರೂವರೆ ಗಂಟೆ. ಕೌದಳ್ಳಿ ದಾಟಿ ತಾಳಬೆಟ್ಟದ ಕಡೆ ಹೋಗೋ ಕಾಡಿನ ರಸ್ತೆಯಲ್ಲಿ ನಿಂತು ಕಲಿತ ಲೆಕ್ಕ ಇದು. ನಾನು, ನಮ್ಮನ್ನ ನೋಡಿ ನಿಲ್ಲಿಸಿದ ಗೂಡ್ಸ್ ಗಾಡಿಯ ಡ್ರೈವರಣ್ಣ, ಅವನ ಜೊತೆಗಿದ್ದ ಹುಡುಗ, ಆಮೇಲೆ ಕೌದಳ್ಳಿಯಿಂದ ಬಂದ ಪಂಕ್ಚರ್ ಅಂಗಡಿಯವರು. ಐದನೆಯವರು ನಮ್ಮವ್ವ. ಅವರು ಸ್ಪ್ಯಾನರ್ ಮುಟ್ಟಲಿಲ್ಲ, ಕಲ್ಲಿನ ಮೇಲೆ ಕೂತು ಮಾದಪ್ಪನನ್ನು ಕೂಗ್ತಾ ಇದ್ದರು. ಆದರೂ ಸೇರಿಸಿದ್ದೀನಿ. ಕೊನೆಗೆ ಕೆಲಸ ಮಾಡಿದ್ದು ಯಾವುದು ಅಂತ ನನಗಿನ್ನೂ ಖಾತ್ರಿಯಿಲ್ಲ.

ನಡೆದದ್ದು ಇಷ್ಟು. ಶುಕ್ರವಾರ ಬೆಂಗಳೂರಿನಲ್ಲಿ, ಕಂಪನಿಯದೇ ಅಧಿಕೃತ ಸರ್ವಿಸ್ ಸೆಂಟರಿನಲ್ಲಿ, ಮುಂದಿನ ಬ್ರೇಕ್ ಪ್ಯಾಡ್ ಬದಲಾಯಿಸಿ ಚಕ್ರಗಳನ್ನು ಹಿಂದೆ ಮುಂದೆ ಮಾಡಿಸಿದೆ. ಗಾಜಿನ ಕೋಣೆ, ಏಸಿ, ಕಾಫಿ ಮಷೀನು, ಒಂಬತ್ತು ಸಾವಿರ ಚಿಲ್ಲರೆ ಬಿಲ್ಲು. ಶನಿವಾರ ಕನಕಪುರ, ಮಳವಳ್ಳಿ, ಸತ್ತೇಗಾಲದ ಮೇಲೆ ಕೊಳ್ಳೇಗಾಲದ ಮನೆಗೆ ಬಂದೆ. ಭಾನುವಾರ ಅವ್ವನ ಹರಕೆ ತೀರಿಸೋಕೆ ಮಹದೇಶ್ವರ ಬೆಟ್ಟಕ್ಕೆ ಹೊರಟ್ವಿ. ಕಾಮಗೆರೆ, ಹನೂರು, ಕೌದಳ್ಳಿ ಎಲ್ಲ ಸಲೀಸು. ಆಮೇಲೆ ರಸ್ತೆ ಪಕ್ಕದ ಚೂಪು ಕಲ್ಲಿಗೆ ಎಡಗಡೆ ಮುಂದಿನ ಟೈರಿನ ಪಕ್ಕೆ ಸೀಳಿತು. ಇದರಲ್ಲಿ ಯಾರ ತಪ್ಪೂ ಇಲ್ಲ. ಪಕ್ಕೆ ಸೀಳಿದ ಟೈರಿಗೆ ಪಂಕ್ಚರ್ ಕಿಟ್ಟಿನ ಬತ್ತಿ ಕೆಲಸಕ್ಕೆ ಬರಲ್ಲ, ಸ್ಟೆಪ್ನಿಯೇ ಗತಿ. ಹತ್ತು ನಿಮಿಷದ ಕೆಲಸ ಅಂದುಕೊಂಡು ತೋಳು ಮಡಚಿದೆ.

ಮೊದಲನೇ ನಟ್ಟು ಅಲ್ಲಾಡಲಿಲ್ಲ. ಸ್ಪ್ಯಾನರ್ ಮೇಲೆ ನಿಂತೆ. ಅಲ್ಲಾಡಲಿಲ್ಲ. ಕುಣಿದೆ. ಫೋನಿನಲ್ಲಿ ಟವರ್ ಇರಲಿಲ್ಲ, ಆದ್ದರಿಂದ ಬಿಲ್ಲಿನ ಹಿಂದೆ ಅಚ್ಚು ಹಾಕಿದ್ದ ಇಪ್ಪತ್ತನಾಲ್ಕು ಗಂಟೆಯ ಸಹಾಯವಾಣಿ ಅಲ್ಲಿ ಬರೀ ಅಲಂಕಾರ. ಗೂಡ್ಸ್ ಗಾಡಿಯಣ್ಣ ಬಂದು, ಸ್ಪ್ಯಾನರಿಗೆ ಕಬ್ಬಿಣದ ಪೈಪು ತೊಡಿಸಿ ಎಳೆದ ಮೇಲೆ ಒಂದು ನಟ್ಟು ಕಿರುಚಿಕೊಂಡು ಬಿಟ್ಟಿತು. ಎರಡನೆಯದೂ ಹಾಗೇ. ಮೂರನೆಯದರ ಮೂಲೆಗಳು ಸವೆದು ದುಂಡಗಾಗಿ ಸ್ಪ್ಯಾನರ್ ಜಾರತೊಡಗಿತು. ನಾಲ್ಕನೆಯದು ಸ್ಟಡ್ಡಿನ ಸಮೇತ ಟಪ್ ಅಂತ ಮುರಿದು ಅಣ್ಣನ ಕೈಗೇ ಬಂತು. ಪೈಪು ಹಿಡಿದುಕೊಂಡೇ ಅವನು ಕೇಳಿದ: "ಯಾರ್ ಸಾ ಹಿಂಗ್ ಬಿಗ್ದಿರದು? ಈ ಗಾಡಿ ಮ್ಯಾಲೆ ಏನಾರ ದ್ವೇಸ ಇತ್ತಾ?"

ದ್ವೇಷ ಇರಲಿಲ್ಲ, ಗನ್ ಇತ್ತು. ಗಾಳಿಯಲ್ಲಿ ಓಡೋ, ಟರ್ರ್ ಟರ್ರ್ ಅನ್ನೋ ಆ ಗನ್ನನ್ನು ನೀವೂ ನೋಡಿರ್ತೀರಿ. ಅದರ ಸದ್ದು ಕೇಳಿದಾಗ ನಮಗೆಲ್ಲ ಒಂಥರಾ ಸಮಾಧಾನ: ಪರವಾಗಿಲ್ಲ, ಗಟ್ಟಿಯಾಗಿ ಕೂರಿಸ್ತಿದ್ದಾರೆ.

ಈಗ ಸ್ವಲ್ಪ ಹೈಸ್ಕೂಲ್ ಲೆಕ್ಕ ಮಾಡೋಣ. ನನ್ನ ಕಾರಿನ ಪುಸ್ತಕದಲ್ಲಿ ಚಕ್ರದ ನಟ್ಟಿಗೆ 100 ನ್ಯೂಟನ್ ಮೀಟರ್ ಅಂತ ಬರೆದಿದೆ. ಸಣ್ಣ ಕಾರುಗಳಿಗೆ ಸಾಮಾನ್ಯವಾಗಿ 80ರಿಂದ 120ರ ಒಳಗೇ ಇರುತ್ತೆ. ಕಾರಿನ ಜೊತೆ ಕೊಡೋ ಸ್ಪ್ಯಾನರ್ ಸುಮಾರು 25 ಸೆಂಟಿಮೀಟರ್ ಉದ್ದ. ಅದರ ತುದಿ ಮೇಲೆ 41 ಕೆ.ಜಿ. ಭಾರ ಬಿದ್ದರೆ 100 ನ್ಯೂಟನ್ ಮೀಟರ್ ಆಯ್ತು. ಅಂದರೆ ಪುಸ್ತಕದಲ್ಲಿ ಹೇಳಿದ ಹಾಗೆ ಬಿಗಿದಿದ್ದರೆ ಕಾಲೇಜು ಹುಡುಗಿಯೊಬ್ಬಳು ಅದರ ಮೇಲೆ ಕಾಲಿಟ್ಟು ತನ್ನ ಭಾರ ಬಿಟ್ಟರೂ ನಟ್ಟು ಬಿಡಬೇಕು. ಅರ್ಧ ಇಂಚಿನ ದೊಡ್ಡ ಗನ್ನುಗಳು ಸುಲಭವಾಗಿ 500 ದಾಟುತ್ತವೆ. 500 ಅಂದರೆ ಅದೇ ಸ್ಪ್ಯಾನರಿನ ತುದಿಗೆ 200 ಕೆ.ಜಿ.ಗಿಂತ ಹೆಚ್ಚು. ನನ್ನ ತೂಕ 68. ಕಾಡಿನ ದಾರೀಲಿ ಉಳಿದ 130 ಕೆ.ಜಿ. ಎಲ್ಲಿಂದ ತರಲಿ?

"ಅಯ್ಯೋ, ಬಿಗಿ ಇದ್ದರೆ ಒಳ್ಳೇದಲ್ವಾ, ಚಕ್ರ ಕಳಚಲ್ಲ" ಅಂತೀರಾ? ಇದೇ ನಮ್ಮ ತಲೆಗೆ ಬಡಿದಿರೋ ಮಂಕು. ಚಕ್ರವನ್ನು ಹಿಡಿದಿಡೋದು ಸ್ಟಡ್ಡಿನ ಎಳೆತ. ನಟ್ಟು ಬಿಗಿದಾಗ ಸ್ಟಡ್ಡು ಕೂದಲೆಳೆಯಷ್ಟು ಹಿಗ್ಗಿ, ಸ್ಪ್ರಿಂಗಿನ ಹಾಗೆ ಚಕ್ರವನ್ನು ಹಬ್ಬಿಗೆ ಅಮುಕಿ ಹಿಡಿಯುತ್ತೆ. ಮಿತಿ ಮೀರಿ ಎಳೆದರೆ ಸ್ಪ್ರಿಂಗ್ ಸತ್ತುಹೋಗುತ್ತೆ, ಸ್ಟಡ್ಡು ವಾಪಸ್ ತನ್ನ ಉದ್ದಕ್ಕೆ ಬರಲ್ಲ, ಥ್ರೆಡ್ ಕಿತ್ತು ಬರುತ್ತೆ. ಆಮೇಲೆ ಅದು ನೋಡೋಕೆ ಬಿಗಿ, ಒಳಗೆ ಸೋತ ಕಬ್ಬಿಣ. ನಮ್ಮ ಕೊಳ್ಳೇಗಾಲದ ಯಾವ ರೇಷ್ಮೆ ಮಗ್ಗದವರನ್ನಾದರೂ ಕೇಳಿ, ಹಾಸಿನ ಎಳೆ ಜಾಸ್ತಿ ಬಿಗಿದರೆ ಸೀರೆ ಗಟ್ಟಿಯಾಗುತ್ತಾ ಅಂತ. ನಗ್ತಾರೆ. ಇನ್ನು ಒಂದು ನಟ್ಟು 500, ಪಕ್ಕದ್ದು 200, ಅದರಾಚೆಯದು 400 ಅಂತ ಗನ್ನಿನ ಮನಸ್ಸಿಗೆ ಬಂದ ಹಾಗೆ ಬಿಗಿದರೆ ಬ್ರೇಕಿನ ಡಿಸ್ಕು ಸೊಟ್ಟಗಾಗಿ, ಬ್ರೇಕ್ ಒತ್ತಿದಾಗ ಸ್ಟೇರಿಂಗ್ ನಡುಗೋಕೆ ಶುರುವಾಗಬಹುದು. ಆಗ ಹೊಸ ಡಿಸ್ಕು ಮಾರೋದೂ ಅವರೇ!

ಇದಕ್ಕೆ ಔಷಧ ಏನು ರಾಕೆಟ್ ವಿಜ್ಞಾನವಲ್ಲ. ನಟ್ಟನ್ನು ಮೊದಲು ಕೈಬೆರಳಲ್ಲಿ ಹತ್ತಿಸಬೇಕು, ಎದುರುಬದುರು ಸರದಿಯಲ್ಲಿ ಬಿಗಿಯಬೇಕು, ಕೊನೆಗೆ ಟಾರ್ಕ್ ರೆಂಚ್ ಅನ್ನೋ ಉಪಕರಣ ಹಿಡಿದು, ಹೇಳಿದ ಅಳತೆಗೆ ಅದು ಟಕ್ ಅನ್ನೋವರೆಗೆ ತಿರುಗಿಸಬೇಕು. ನಾಲ್ಕು ಚಕ್ರಕ್ಕೂ ಸೇರಿ ಐದು ನಿಮಿಷ. ಆ ಉಪಕರಣ ಈ ಸರ್ವಿಸ್ ಸೆಂಟರಿನಲ್ಲಿ ಇಲ್ಲ ಅಂತಲ್ಲ. ಇದೆ. ಗೋಡೆ ಮೇಲೆ, ಹಳದಿ ಬಣ್ಣ ಬಳಿದ ಬೋರ್ಡಿನಲ್ಲಿ, ತನ್ನ ಹೆಸರಿನ ಸ್ಟಿಕ್ಕರಿನ ಕೆಳಗೆ ಆರಾಮಾಗಿ ನೇತಾಡ್ತಾ ಇದೆ. ಆಡಿಟ್ ಬಂದಾಗ ತೋರಿಸೋಕೆ. ಜಾಬ್ ಕಾರ್ಡಿನಲ್ಲಿ "ವೀಲ್ ನಟ್ ಟಾರ್ಕ್" ಅನ್ನೋ ಸಾಲಿನ ಮುಂದೆ ಟಿಕ್ ಮಾರ್ಕೂ ಇತ್ತು ನೋಡಿ. ಟಿಕ್ ಹಾಕಿದವನಿಗೆ ನಟ್ಟು ಬಿಗಿದವನ ಪರಿಚಯವೇ ಇರಲಿಲ್ಲ ಅಂತ ಕಾಣುತ್ತೆ.

ಬಿಗಿದ ಹುಡುಗನನ್ನು ನಾನು ಬೈಯಲ್ಲ. ಸಂಜೆಯೊಳಗೆ ಇಷ್ಟು ಕಾರು ಇಳಿಸಬೇಕು ಅಂತ ಅವನ ತಲೆ ಮೇಲೆ ಗಡಿಯಾರ ಇಟ್ಟವರು ಬೇರೆ. ನನ್ನ ಸಿಟ್ಟೆಲ್ಲ ಗಡಿಯಾರ ಇಟ್ಟವರ ಮೇಲೆ. ಸ್ವಲ್ಪ ನಮ್ಮ ಮೇಲೂ, ಕಾರು ಎರಡು ಗಂಟೆಯಲ್ಲಿ ಕೊಟ್ಟರೆ ಹತ್ತಕ್ಕೆ ಹತ್ತು ಒತ್ತೋರು ನಾವೇ ತಾನೆ?

ಕೌದಳ್ಳಿಯ ಪಂಕ್ಚರ್ ಅಂಗಡಿಯವರು ಬೈಕಿನಲ್ಲಿ ಬಂದಾಗ ನಾಲ್ಕು ಗಂಟೆ ಮೀರಿತ್ತು. ದುಂಡಗಾದ ನಟ್ಟನ್ನು ಬೆರಳಲ್ಲಿ ಸವರಿ ನೋಡಿದರು. 19ರ ನಟ್ಟಿಗೆ 18ರ ಸಾಕೆಟ್ಟನ್ನು ಸುತ್ತಿಗೆಯಲ್ಲಿ ಹೊಡೆದು ಕೂರಿಸಿ, ಉದ್ದ ಸರಳು ಹಾಕಿ, ಜರ್ಕ್ ಕೊಡದೆ ನಿಧಾನಕ್ಕೆ ತಮ್ಮ ಭಾರ ಬಿಟ್ಟರು. ಬಿಟ್ಟಿತು. ತಗಡಿನ ಡಬ್ಬಿಯಿಂದ ಒಂದು ಹಳೇ ನಟ್ಟು ಹುಡುಕಿ ಹಾಕಿದರು. "ಮೂರ್ ನಟ್ ಮ್ಯಾಲೆ ಬೆಟ್ಟ ಹತ್ಬ್ಯಾಡಿ ಸಾ, ತಿರುವು ಜಾಸ್ತಿ. ಮೆಲ್ಲುಕೆ ಹಿಂದಕ್ ಹೋಗ್ಬುಡಿ" ಅಂದರು. ಇವರನ್ನ ದೇವರು ಮಾಡೋಕೆ ಹೊರಟಿಲ್ಲ ನಾನು. ರಸ್ತೆ ಬದಿಯ ಎಷ್ಟೋ ಅಂಗಡಿಗಳಲ್ಲೂ ಅದೇ ಗನ್ನು, ಅದೇ ಟರ್ರ್. ಆದರೆ ಅವರು ಒಂಬತ್ತು ಸಾವಿರ ಕೇಳಲ್ಲ, ಟಿಕ್ ಮಾರ್ಕೂ ಹಾಕಲ್ಲ.

ಆವತ್ತು ಮಾದಪ್ಪನ ದರ್ಶನ ಆಗಲಿಲ್ಲ. ಮೂವತ್ತರ ವೇಗದಲ್ಲಿ ಕೊಳ್ಳೇಗಾಲ ಸೇರಿದಾಗ ಕತ್ತಲಾಗಿತ್ತು. ದಾರಿಯುದ್ದಕ್ಕೂ ಅವ್ವ ಮಾತಾಡಲಿಲ್ಲ. ಮನೆ ಹತ್ರ ಬಂದಾಗ ಒಂದೇ ಮಾತು: "ಆನೆ ಬಂದಿದ್ರೆ ಏನ್ ಮಾಡ್ತಿದ್ದೋ ಮಗ?" ಅದಕ್ಕೆ ನನ್ನ ಹತ್ರ ಉತ್ತರ ಇರಲಿಲ್ಲ. ಸೋಮವಾರ ಊರಿನ ಮೆಕ್ಯಾನಿಕ್ ಹೊಸ ಸ್ಟಡ್ಡು ಹಾಕಿ, ಉಳಿದ ಮೂರು ಚಕ್ರವನ್ನೂ ಬಿಚ್ಚಿದರು. ಹಿಂದಿನ ಬಲಗಡೆ ಇನ್ನೊಂದು ಸ್ಟಡ್ಡಿನ ಥ್ರೆಡ್ ಕಿತ್ತು ಬಂತು.

ಬೆಂಗಳೂರಿಗೆ ವಾಪಸ್ ಹೋಗಿ ಸರ್ವಿಸ್ ಅಡ್ವೈಸರ್ ಮುಂದೆ ಮುರಿದ ಸ್ಟಡ್ಡು ಇಟ್ಟೆ. ಮೊದಲ ಮಾತು: "ಸಾರ್, ಟೈಟ್ ಇರೋದು ನಿಮ್ಮ ಸೇಫ್ಟಿಗೇ." ಎರಡನೆಯದು: "ಹೊರಗಡೆಯವರು ಮುಟ್ಟಿದ್ದಾರಲ್ಲ ಸಾರ್, ಅವರೇ ಹಾಳು ಮಾಡಿರಬಹುದು." ಹೊರಗಡೆಯವರು! ಕಾಡಿನ ಮಧ್ಯೆ ಒಳಗಡೆಯವರನ್ನು ಎಲ್ಲಿಂದ ಕರೆಸಲಿ? ಸ್ವಲ್ಪ ದನಿ ಏರಿಸಿದ ಮೇಲೆ ಮ್ಯಾನೇಜರ್ ಬಂದರು. ಬಹಳ ನಯ. ಎಲ್ಲ ಚಕ್ರಕ್ಕೂ ಹೊಸ ನಟ್ಟು, ಸ್ಟಡ್ಡು "ಗುಡ್‌ವಿಲ್" ಲೆಕ್ಕದಲ್ಲಿ ಫ್ರೀ ಅಂದರು.

ಗುಡ್‌ವಿಲ್ ಅಂದರೆ ಏನು ಗೊತ್ತಾ? ತಪ್ಪು ನಮ್ಮದಲ್ಲ, ದೊಡ್ಡ ಮನಸ್ಸು ನಮ್ಮದು ಅಂತ. ನಾನು ಎರಡೇ ಕೇಳಿದೆ. ಒಂದು, ನಟ್ಟು ಅತಿಯಾಗಿ ಬಿಗಿದದ್ದರಿಂದ ಹೀಗಾಯ್ತು ಅಂತ ಬರೆದುಕೊಡಿ. ಎರಡು, ಆ ಶುಕ್ರವಾರ ಅದೇ ಬೇಯಲ್ಲಿ, ಅದೇ ಗನ್ನಿನಿಂದ ಚಕ್ರ ಬಿಗಿಸಿಕೊಂಡ ಎಲ್ಲ ಕಾರಿನವರಿಗೂ ಫೋನ್ ಮಾಡಿ ಕರೆಸಿ. ನನ್ನ ಕಾರು ಒಂದೇ ಆಗಿರೋಕೆ ಸಾಧ್ಯವಾ? ಅವರಲ್ಲಿ ಯಾರೋ ಈಗ ಬಿಳಿಗಿರಿರಂಗನ ಬೆಟ್ಟಕ್ಕೋ, ಊಟಿಗೋ, ಮಗು ಕೂರಿಸಿಕೊಂಡು ಹೊರಟಿರಬಹುದು. ಮ್ಯಾನೇಜರ್ ಮುಗುಳ್ನಕ್ಕರು. "ಅದೆಲ್ಲ ಪ್ರೊಸೀಜರ್ ಇಲ್ಲ ಸಾರ್." ಫೀಡ್‌ಬ್ಯಾಕ್ ಕೇಳೋಕೆ ಮೂರು ದಿನ ಮೂರು ಸಲ ಫೋನ್ ಮಾಡೋ ಪ್ರೊಸೀಜರ್ ಇದೆ. ಇದಕ್ಕಿಲ್ಲ.

ಇಲ್ಲಿಗೆ ಬಿಟ್ಟುಬಿಡೋದು ನಮ್ಮ ಅಭ್ಯಾಸ. ಐನೂರು ರೂಪಾಯಿ ಸಾಮಾನಿಗೆ ಯಾರು ಓಡಾಡ್ತಾರೆ ಅಂತ. ಅವರ ಧೈರ್ಯ ಇರೋದೇ ಆ ಲೆಕ್ಕದ ಮೇಲೆ. ಆದರೆ ಈಗ ಓಡಾಟ ಅಷ್ಟಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಇದಕ್ಕೆ ಸೇವಾ ನ್ಯೂನತೆ ಅಂತ ಹೆಸರಿದೆ. ದೂರನ್ನು ನೀವು ವಾಸ ಇರೋ ಜಿಲ್ಲೆಯ ಆಯೋಗದಲ್ಲೇ ಕೊಡಬಹುದು. ಸರ್ವಿಸ್ ಬೆಂಗಳೂರಿನಲ್ಲಿ ಆಗಿದ್ದರೂ ಕೊಳ್ಳೇಗಾಲದಲ್ಲಿ ಇರೋರು ಚಾಮರಾಜನಗರದಲ್ಲಿ ಕೊಡಬಹುದು. ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ, ವಕೀಲರೇ ಬೇಕು ಅಂತಿಲ್ಲ, ಎರಡು ವರ್ಷ ಸಮಯ ಇದೆ. ಅದಕ್ಕೂ ಮೊದಲು 1915ಕ್ಕೆ ಫೋನ್ ಮಾಡಿ ನೋಡಬಹುದು. ನಾನು ಮಾಡಿದೆ, ನೋಟಿಸೂ ಕಳಿಸಿದೆ. ಮುರಿದ ಸ್ಟಡ್ಡು, ದುಂಡಗಾದ ನಟ್ಟು, ಜಾಬ್ ಕಾರ್ಡು, ಊರಿನ ಮೆಕ್ಯಾನಿಕ್ಕಿನಿಂದ ಬರೆಸಿಕೊಂಡ ಚೀಟಿ, ಫೋಟೋಗಳು, ಎಲ್ಲ ಒಂದು ಬಿಸ್ಕತ್ ಡಬ್ಬಿಯಲ್ಲಿವೆ. ನಿಮಗೂ ಹೀಗಾದರೆ ಮುರಿದ ತುಂಡನ್ನು ಮಾತ್ರ ಎಸೀಬೇಡಿ. ಸರ್ವಿಸ್ ಸೆಂಟರಿನವರು "ಹಳೇದು ಕೊಟ್ಟುಬಿಡಿ ಸಾರ್" ಅಂತ ಕೇಳ್ತಾರೆ. ಕೊಡಬೇಡಿ.

ಎರಡು ಮೂರು ಸಾವಿರಕ್ಕೆ ಒಂದು ಟಾರ್ಕ್ ರೆಂಚ್ ಕೂಡ ತಗೊಂಡೆ. ನೀವು ತಗೊಳ್ಳದಿದ್ದರೂ ಪರವಾಗಿಲ್ಲ, ಸರ್ವಿಸ್ ಆದ ತಕ್ಷಣ ಗೇಟಿನ ಹೊರಗೆ ನಿಲ್ಲಿಸಿ, ಕಾರಿನ ಜೊತೆ ಬಂದ ಸ್ಪ್ಯಾನರಿನಲ್ಲೇ ಚಕ್ರಕ್ಕೆ ಒಂದು ನಟ್ಟು ಸಡಿಲಿಸಿ ನೋಡಿ. ನಿಮ್ಮ ಭಾರಕ್ಕೆ ಬಿಡದಿದ್ದರೆ ಕಾರನ್ನು ಅಲ್ಲಿಂದಲೇ ಒಳಗೆ ತಿರುಗಿಸಿ, ಗೋಡೆ ಮೇಲಿನ ರೆಂಚನ್ನು ಇಳಿಸೋಕೆ ಹೇಳಿ. ಬಿಟ್ಟರೂ ಹಾಗೇ ಹೊರಡಬೇಡಿ ಮತ್ತೆ, ವಾಪಸ್ ಬಿಗಿದು ಹೊರಡಿ. ಐವತ್ತು ನೂರು ಕಿಲೋಮೀಟರ್ ಓಡಿಸಿದ ಮೇಲೆ ಇನ್ನೊಮ್ಮೆ ನೋಡೋದು ಒಳ್ಳೇದು.

ಹೋದ ತಿಂಗಳು ಬೇರೊಂದು ಸರ್ವಿಸ್ ಸೆಂಟರಿನ ಗೇಟಿನ ಹೊರಗೆ ನಾನು ಮಂಡಿಯೂರಿ ಇದನ್ನೇ ಮಾಡ್ತಿದ್ದೆ. ಎರಡು ಚಕ್ರ ಸರಿಯಿತ್ತು. ಮೂರನೆಯದರ ಮೇಲೆ ನಿಂತು ಕುಣೀತಿದ್ದಾಗ ಸೆಕ್ಯುರಿಟಿಯವರು ಸೀಟಿ ಊದ್ತಾ ಓಡಿಬಂದರು.

"ಸಾರ್, ಇಲ್ಲೆಲ್ಲ ಗಾಡಿ ರಿಪೇರಿ ಮಾಡಂಗಿಲ್ಲ!"